ನಲವತ್ತೆರಡನೆಯದು

ಕಾಡಿನ ಬಾಗಿಲಲ್ಲೇ ಒಂದು ಬ್ರಷ್ಷು, ಒಂದು ಬಕೆಟ್ಟು.
ಬೂಟಿನ ಅಡಿ ಉಜ್ಜಿ ಒಳಗೆ ಬನ್ನಿ, ಎಂದ ಮರ್ವಿನ್ ಟಿಲ್‌ಬ್ರೂಕ್,
ಊರ ಮಣ್ಣು ಈ ಬೇರುಗಳಿಗೆ ಆಗಿಬರುವುದಿಲ್ಲ.
ಕಾಲು ತೊಳೆದೇ ಹೊಸಿಲು ದಾಟಿದೆವು
ನಾನು, ತಂಗಿಯ ಮಗ ಕಾಲಮ್;
ಒಂಬತ್ತು ವರ್ಷ, ಬೆನ್ನಿಗೆ ಅವನಿಗಿಂತ ದೊಡ್ಡ ಚೀಲ.

ಪರ್ತ್‌ನಿಂದ ನಲವತ್ತು ನಿಮಿಷ.
ಆಸ್ಪತ್ರೆಯ ರಾತ್ರಿಪಾಳಿ ಇನ್ನೂ ನನ್ನ ಕಿವಿಯೊಳಗೆ
ಬೀಪ್ ಬೀಪ್ ಅನ್ನುತ್ತಲೇ ಇತ್ತು.
ಜಾರಾ ಮರಗಳ ಸುಟ್ಟ ತೊಗಟೆ, ಸೀಳಿದಲ್ಲಿ ಹಸಿ ಕೆಂಪು,
ನೆಲದ ತುಂಬ ಪುಟ್ಟ ಗಡಿಗೆಯಂಥ ಮ್ಯಾರಿ ಕಾಯಿ.
ಮರ್ವಿನ್ ಒಂದನ್ನೆತ್ತಿ ಕೊಟ್ಟ:
ನೋಡು, ಹಲ್ಲಿಲ್ಲದವರು ಕಚ್ಚಿದ ಗುರುತು.
ಗಿಣಿಯ ಸಹಿ ಬೇರೆ, ಕಾಕಟೂ ಸಹಿ ಬೇರೆ.

ಬೆಂಕಿ ನಿಷೇಧ. ಏಪ್ರಿಲ್ ಬಂದಿದೆ, ಮಳೆ ಬಂದಿಲ್ಲ.
ಫ್ಲಾಸ್ಕಿನ ಚಹಾ, ಡಬ್ಬಿಯ ತಣ್ಣನೆ ಬೀನ್ಸು.
ಕಾಲಮ್‌ಗೆ ಸಿಟ್ಟು: ಬೆಂಕಿಯಿಲ್ಲದ ಕ್ಯಾಂಪು ಎಂಥ ಕ್ಯಾಂಪು?
ಅಷ್ಟರಲ್ಲಿ ಪೊದೆಯಿಂದ ಮೂಗು ಮೊದಲು, ಮೈ ಆಮೇಲೆ,
ಕ್ವೆಂಡಾ ಒಂದು ಬಂದು
ಅವನ ಬ್ರೆಡ್ಡಿನ ಅಂಚು ಎಳೆದುಕೊಂಡು ಹೋಯಿತು,
ಸಾಲ ವಸೂಲಿಗೆ ಬಂದವರ ಗತ್ತಿನಲ್ಲಿ.
ಸಿಟ್ಟೂ ಅದರ ಹಿಂದೆಯೇ ಹೋಯಿತು.

ಹೊತ್ತು ಮುಳುಗುವಾಗ ಅವು ಬಂದವು.
ಕರಾಕ್ ಎಂದೇ ಕರೆಯುತ್ತಾರೆ ನ್ಯೂಂಗಾರ್ ಜನ,
ತನ್ನ ಹೆಸರು ತಾನೇ ಕೂಗಿಕೊಂಡು ಹಾರುವ ಹಕ್ಕಿ:
ಕರಾಕ್, ಕರ್ರಾಕ್,
ತುಕ್ಕು ಹಿಡಿದ ಬಾಗಿಲೊಂದನ್ನು ಆಕಾಶದಲ್ಲಿ
ಯಾರೋ ಅವಸರವಿಲ್ಲದೆ ತೆರೆದ ಹಾಗೆ.
ಮೈಯೆಲ್ಲ ಕಪ್ಪು; ಬಾಲ ಬಿಚ್ಚಿದಾಗ ಮಾತ್ರ
ನಮ್ಮ ಪಾಲಿಗಿಲ್ಲದ ಕೆಂಡ.

ಮರ್ವಿನ್ ಪೆನ್ಸಿಲನ್ನು ನಾಲಿಗೆಗೆ ತಾಗಿಸಿ ಬರೆದ. ನಲವತ್ತೊಂದು.
ನಲವತ್ತೆರಡು, ಎಂದ ಕಾಲಮ್.
ಹದಿನಾರು ವರ್ಷ ಎಣಿಸಿ ಪಳಗಿದ ಮುದುಕ
ಏನೂ ಅನ್ನದೆ
ಕುರ್ಚಿಯನ್ನು ಹುಡುಗನ ಕಡೆ ತಿರುಗಿಸಿ ಕೂತ.
ಕಾದೆವು. ಸೊಳ್ಳೆಗಳು ಕಾಯಲಿಲ್ಲ.
ಕತ್ತಲು ಒಂದೊಂದೇ ಮರವನ್ನು ಅಳಿಸುತ್ತ ಬಂತು.
ಎಲ್ಲ ಸದ್ದಡಗಿದ ಮೇಲೆ, ತುದಿಕೊಂಬೆಯಲ್ಲಿ
ತೊಗಟೆಯ ತುಂಡು ಅಂದುಕೊಂಡದ್ದು
ಕುತ್ತಿಗೆ ತಿರುಗಿಸಿ, ಕಾಯೊಂದನ್ನು ಕೆಳಗೆ ಬಿಟ್ಟಿತು:
ಟಪ್.

ಮರ್ವಿನ್ ರಬ್ಬರು ಹುಡುಕಿದ, ಸಿಗಲಿಲ್ಲ.
ಒಂದರ ಮೇಲೇ ಎರಡು ತಿದ್ದಿ ಬರೆದ,
ಪಕ್ಕದಲ್ಲಿ ಸಣ್ಣಗೆ: ಕಂಡವನು ಕಾಲಮ್.

ರಾತ್ರಿ ಡೇರೆಯ ಜಿಪ್ಪಿನ ಸಂದಿಯಲ್ಲಿ
ಕೆಳಗೆ ಇಡೀ ನಗರ ಉರಿಯುತ್ತಿತ್ತು,
ಅದಕ್ಕೆ ಬೇಡ ಅನ್ನುವವರಿಲ್ಲ.
ಮೇಲೆ ತ್ರಿಶಂಕು, ಈ ಸೀಮೆಯಲ್ಲಿ ಅವನು ನೆತ್ತಿಯ ಹತ್ತಿರ,
ಯಾರಿಗೂ ಅಂಜಿ ಅಂಚಿಗೆ ಸರಿದವನಲ್ಲ.
ಕಿವಿಯ ಬೀಪ್ ಯಾವಾಗ ನಿಂತಿತೋ ನೋಡಲಿಲ್ಲ.

ಬೆಳಿಗ್ಗೆ ಹೊರಡುವಾಗ ಮತ್ತೆ ಅದೇ ಬ್ರಷ್ಷು, ಅದೇ ಬಕೆಟ್ಟು.
ಯಾಕೆ, ಎಂದ ಕಾಲಮ್,
ಈ ಮಣ್ಣೂ ಊರಿಗೆ ಆಗಿಬರುವುದಿಲ್ಲವಾ?
ಮರ್ವಿನ್ ನೀರು ಚೆಲ್ಲಿ, ಬಕೆಟ್ಟು ಮಗುಚಿ ಇಟ್ಟ.