ಟಕ್ಕರ್

ನಮ್ಮ ವಾಷಿಂಗ್ ಯೂನಿಟ್ಟಿನ ಹಾಜರಿ ಪುಸ್ತಕದಲ್ಲಿ
ಹನ್ನೊಂದನೆಯ ಸಾಲು: ಟಕ್ಕರ್, ಲಯೋನೆಲ್.
ಗಾದಿಲಿಂಗ, ಎರ್ರಿಸ್ವಾಮಿ, ಖಾಜಾಬನ್ನಿಯ ನಡುವೆ
ಯಾರದೋ ಮನೆ ಗಂಟಿನಿಂದ ತಪ್ಪಿ ಬಂದ ಕರವಸ್ತ್ರ.

ಹುಡುಗರಿಗೆ ಅದು ಹೆಸರೇ ಅಲ್ಲ.
'ಇವತ್ತು ಯಾರಿಗೆ ಕೊಟ್ರಿ ಅಂಕಲ್, ಟಕ್ಕರ್?'
ನೀರಿನ ಟ್ಯಾಂಕರ್ ಗೇಟಿಗೆ ಬಂದರೆ
'ನಿಮ್ ತಮ್ಮ ಬಂದ ನೋಡ್ರಿ.'
ಅವನಿಗೆ ನಗುವಿಲ್ಲ, ಸಿಟ್ಟಿಲ್ಲ;
ಬ್ಲೀಚಿನ ಅಳತೆ ತಪ್ಪೀತೆಂದು
ತುಟಿಯಲ್ಲೇ ಎಣಿಸುತ್ತಿರುತ್ತಾನೆ.

ಆಷಾಢದ ಗಾಳಿಯಲ್ಲಿ
ಡೆವನ್ ಎಂಬ ಸೀಮೆಯಿಂದ ಒಂದು ಕಾಗದ ಬಂತು.
ಚರ್ಚಿಗೆ ಬಂದದ್ದು ಕೌಲ್ ಬಜಾರೆಲ್ಲ ಸುತ್ತಿ
ಮೂಲೆಯೊಂದು ಜೀನ್ಸ್ ನೀಲಿಯಾಗಿ ಅವನ ಕೈ ಸೇರಿತು.
ಬರೆದಾಕೆ ಮುದುಕಿ, ತವರ ಹೆಸರು ಟಕ್ಕರ್.
ಊಟದ ಹೊತ್ತಿಗೆ ಬಾಯ್ಲರಿನ ಮಗ್ಗುಲಲ್ಲಿ ಕೂತು
ಒಂದೊಂದೇ ಸಾಲು ನಮ್ಮ ಮಾತಿಗೆ ಇಳಿಸಿದ:

ಟಕ್ಕರ್ ಅಂದರೆ ಬಟ್ಟೆ ತುಳಿಯುವವನು.
ಮಗ್ಗದಿಂದ ಇಳಿದ ಹಸಿ ಉಣ್ಣೆ ಅರಿವೆಯನ್ನು
ತೊಟ್ಟಿಗೆ ಹಾಕಿ, ಜೇಡಿ ಕಲಸಿ,
ಊರವರ ಹಳಸಿದ ಉಚ್ಚೆ ಹೊಯ್ದು
ದಿನವಿಡೀ ಬರಿಗಾಲಲ್ಲಿ ತುಳಿದು
ಚಳಿ ನುಸುಳದಷ್ಟು ದಪ್ಪ ಮಾಡುವವನು.
ಮಾತಿನ ಬೇರು ಕೆದಕಿದರೆ
ಅಲ್ಲಿ 'ಹಿಂಸೆ' ಅಂತಲೂ ಇದೆಯಂತೆ.
ಪಡುವಲಿಗೆ ಟಕ್ಕರ್, ತೆಂಕಣ ಮೂಲೆಗೆ ಫುಲ್ಲರ್,
ಬಡಗಣ ದಿಕ್ಕಿಗೆ ವಾಕರ್.
ಮೂವರ ಹಿಮ್ಮಡಿಯಲ್ಲೂ ಒಂದೇ ಒಡಕು.

'ಹಂಗಾದ್ರೆ ನೀನು ನಮ್ಮೋನೇ ಬಿಡು' ಅಂದೆ.
ನಾನು ಮಡಿವಾಳರ ಸುಂಕಮ್ಮ. ಇಲ್ಲಿ ಲೆಕ್ಕ ಬರೆಯುತ್ತೇನೆ.
ನಮ್ಮವ್ವನ ಅವ್ವ ಚೌಳು ಮಣ್ಣು ಹೊತ್ತವಳು,
ದಂಡಿನವರ ಅಂಗಿ ಉಬ್ಬೆಗೆ ಹಾಕಿದವಳು.
ಕಾಲರಿನ ಒಳಗೆ ಕೇರುಬೀಜದ ರಸದಲ್ಲಿ
ಒಂದು ಚುಕ್ಕಿ, ಎರಡು ಗೀಟು, ಒಂದು ಕೊಕ್ಕೆ.
ಅಕ್ಷರ ಬಾರದ ಅವಳಿಗೆ
ಇಡೀ ಪಲ್ಟನ್ನು ಬಾಯಿಪಾಠ.

ಕಾಗದದಲ್ಲಿ ಇನ್ನೂ ಇತ್ತು.
ತುಳಿಯಲು ನೀರಿನ ಗಿರಣಿ ಬಂತು, ಕಾಲಿಗೆ ಕೆಲಸ ತಪ್ಪಿತು,
ಹೆಸರು ಮಾತ್ರ ಹಡಗು ಹತ್ತಿತು.
ಒಬ್ಬ ಟಕ್ಕರ್ ಹಿಮದ ಕಡಲಲ್ಲಿ ಮೀನಿಗೆ ಬಲೆ ಬೀಸಿದ,
ಒಬ್ಬ ಆಸ್ಟ್ರೇಲಿಯದಲ್ಲಿ ಕುರಿ ಎಣಿಸಿದ,
ಒಬ್ಬ ಕೋಲಾರದ ಗಣಿಗೆ ಇಳಿದ,
ಮೇಲೆ ಬಂದನೋ ಇಲ್ಲವೋ ಬರೆದಿಲ್ಲ.
ಒಬ್ಬ ಸಾರ್ಜೆಂಟ್, ಬಳ್ಳಾರಿ ದಂಡು, ಕಾಲರಾ.
'ತಾವು ಅವನ ಯಾವ ಮಗನ ಪೈಕಿ?'

ಲಯೋನೆಲ್ ಅಲ್ಲಿಗೆ ನಿಲ್ಲಿಸಿದ.
ರೊಟ್ಟಿ ಮಡಿಚಿ ಡಬ್ಬಿಗೆ ಹಾಕಿದ.
ಸಾರ್ಜೆಂಟನಿಗೆ ಮಕ್ಕಳೇ ಇರಲಿಲ್ಲ, ಅಂದ.
ಜ್ಞಾನಸ್ನಾನದ ಹಳೇ ಪುಸ್ತಕದಲ್ಲಿ ಅವನ ಮುತ್ತಜ್ಜನ ಸಾಲು,
ತಂದೆಯ ಜಾಗದಲ್ಲಿ ಬರೀ ಗೀಟು,
ಕಸುಬಿನ ಜಾಗದಲ್ಲಿ 'ದಂಡಿನ ದೋಬಿಯ ಹು'...
ಮುಂದಿನದು ಗೆದ್ದಲಿಗೆ.
'ನೋಡವ್ವಾ, ಗುರುತು ಅವರದ್ದು.
ಅಂಗಿ ಯಾರ ಮೈಗೆ ಹೋಯ್ತೋ.'

ಭಾನುವಾರ ಇಬ್ಬರೂ ಗೋರಿ ತೋಟಕ್ಕೆ ಹೋದೆವು.
ಜಾಲಿ ಮುಳ್ಳು ಸರಿಸಿದರೆ ಒಂದು ಕಲ್ಲಿನ ಮೇಲೆ
ಕೊನೆಯ ಎರಡಕ್ಷರ ಉಳಿದಿದ್ದವು.
ಅವು ಟಕ್ಕರಿನವೂ ಆಗಬಹುದು, ವಾಕರಿನವೂ,
ಫುಲ್ಲರಿನವೂ. ಬಿಸಿಲಿಗೆ ಕೈ ಮರೆ ಮಾಡಿಕೊಂಡು
ಬಹಳ ಹೊತ್ತು ನೋಡಿದ. ಆಮೇಲೆ ಅಂದ,
ಟೀ ಕುಡಿಯೋಣ.

ಉತ್ತರ ಬರೆಯಲು ಮೂರು ವಾರ ಹಿಡಿಯಿತು.
ಮಗನ ಪೈಕಿ ಎಂಬುದಕ್ಕೆ ಏನು ಬರೆದನೋ
ನನಗೆ ತೋರಿಸಲಿಲ್ಲ. ಅಂಟಿಸುವ ಮುಂಚೆ ಕೇಳಿದ್ದು ಒಂದೇ:
ಚೌಳಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?
ಗೊತ್ತಿಲ್ಲ ಅಂದೆ. ಹಾಗೇ 'ಚೌಳು' ಎಂದು ಬರೆದು
ಒಂದು ಚಿಟಿಕೆ ಪೊಟ್ಟಣ ಕಟ್ಟಿ ಒಳಗಿಟ್ಟ,
ಕೆಳಗೆ ಒಂದು ಪ್ರಶ್ನೆ:

ನಮ್ಮಲ್ಲಿ ನೀರು ಗಡಸು, ನೊರೆ ಏಳುವುದಿಲ್ಲ.
ನಿಮ್ಮ ಕಡೆ ಹೇಗೆ?