ಫ್ಯಾನ್ ಹಾಕಬೇಡಿ

ಕೌಲ್ ಬಜಾರಿನಲ್ಲಿ ಎರ್ರಿಸ್ವಾಮಿಯ ಮೊಬೈಲ್ ಅಂಗಡಿ,
ಅದರ ಮೇಲೆ ತಗಡಿನ ಕೋಣೆ, ಎಂಟು ಪ್ಲಾಸ್ಟಿಕ್ ಮೇಜು,
ಗೋಡೆಗೆ ಅಂಟಿಸಿದ ರಟ್ಟಿನ ಮೇಲೆ ಮಾರ್ಕರಿನಲ್ಲಿ:
ಎಲೆ ಹಾರುತಾವೆ. ಫ್ಯಾನ್ ಹಾಕಬೇಡಿ.

ಏಪ್ರಿಲ್ ಕೊನೆಯ ಭಾನುವಾರ.
ಬಳ್ಳಾರಿಯ ಬಿಸಿಲಿಗೆ ವಾರದ ರಜೆಯಿಲ್ಲ.
ಹದಿನಾರು ಜನ ಬೆವರುತ್ತ ಕೂತಿದ್ದೆವು,
ಪರೀಕ್ಷೆಗೆ ಕೂತವರ ಹಾಗಲ್ಲ,
ಪಂಕ್ತಿಯಲ್ಲಿ ಹೋಳಿಗೆ ಎರಡನೇ ಸಲ ಬರುವುದೋ ಇಲ್ಲವೋ
ಎಂದು ಕತ್ತು ಚಾಚಿದವರ ಹಾಗೆ.

ನಾನು ತಿಪ್ಪೇರುದ್ರ, ಜೀನ್ಸ್ ತೊಳೆಯುವ ಘಟಕದವನು.
ಏಳು ವರ್ಷದ ನೀಲಿ ಉಗುರಿನ ಸಂದಿಯಲ್ಲಿದೆ,
ಸಾಬೂನು ಸೋತಿದೆ, ಸೀಮೆಎಣ್ಣೆ ಸೋತಿದೆ.
ಅವ್ವನಿಗೆ ಎಲೆ ಅಂದರೆ ಒಂದೇ, ಅಂದರ್ ಬಾಹರ್.
“ನಿಮ್ಮಪ್ಪಾನೂ ಹಿಂಗೇ ಶುರು ಮಾಡಿದ್ದ”
ಅಂತ ಬೆಳಿಗ್ಗೆ ತಟ್ಟೆ ಕುಕ್ಕಿದ್ದಳು.
ನೋಡವ್ವ, ಇದರಾಗ ರಾಜ ಇಲ್ಲ, ರಾಣಿ ಇಲ್ಲ, ಜೋಕರ್ ಇಲ್ಲ.
“ಮತ್ತೆ ಇದು?”
ಸುಡುಗಾಡ ಕುದುರೆ.
ಅವಳು ದೇವರ ಗೂಡಿನ ಕಡೆ ತಿರುಗಿದಳು.

ಎಲೆಗಳ ಇಂಗ್ಲಿಷ್ ಹೆಸರು ನಮ್ಮ ನಾಲಿಗೆಗೆ ನಿಲ್ಲಲಿಲ್ಲ,
ನಾವೇ ತೊಟ್ಟಿಲು ಕಟ್ಟಿ ಹೆಸರಿಟ್ಟೆವು:
ಉಪ್ಪಿನ ಭೂತ, ಮಂಜುಗಣ್ಣಿ, ಗಿರಣಿ ರಾಕ್ಷಸ,
ಕದಲದೆ ಎಲ್ಲ ತಿನ್ನುವ ಒಂದು ಹಲ್ಲಿಗೆ, ಕಾರ್ಪೊರೇಟರ್.

ಎರಡನೇ ಸುತ್ತಿಗೆ ತೀರ್ಪುಗಾರ ಶರ್ಫುದ್ದೀನ್
ನನ್ನ ಕಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದ.
ಸುಡುಗಾಡ ಕುದುರೆಯ ಬೆನ್ನಿಗೆ ನನ್ನ ಹೆಬ್ಬೆಟ್ಟು,
ನೀಲಿ, ಗೆರೆ ಗೆರೆ,
ಪಡಿತರದ ಪುಸ್ತಕಕ್ಕೆ ಒತ್ತಿದ ಹಾಗೆ.
“ಗುರುತು ಬಿದ್ದೈತಣ್ಣ. ಆಟಕ್ಕೆ ಬರಂಗಿಲ್ಲ.”
ಎರಡು ತಿಂಗಳ ಓವರ್‌ಟೈಮಿನ ಕುದುರೆ.
ಅಂಗಿಯ ಜೇಬಿಗೆ ಕಟ್ಟಿ ಹಾಕಿದೆ.
ಕುದುರೆ ಇಲ್ಲದೆಯೂ ಗೆದ್ದೆ, ಹೇಗೋ.

ಕೊನೆಯ ಮೇಜಿಗೆ ಎದುರು ಬಂದವಳು ಮೆಹಜಬೀನ್,
ಎಂಟನೇ ಕ್ಲಾಸು, ಎಲೆ ತಂದದ್ದು ಬಳೆಯ ಡಬ್ಬಿಯಲ್ಲಿ.
ಎಲೆ ಇಡುವಾಗ ಸದ್ದಿಲ್ಲ,
ಹಾಲು ಕುಡಿವ ಬೆಕ್ಕಿನ ಪಕ್ಕ ಕೂತವಳಂತೆ.
ನನ್ನ ಆಯುಸ್ಸು ಹನ್ನೊಂದು, ಎಂಟು, ಮೂರು.

ಆಗ ಮೆಟ್ಟಿಲ ಮೇಲೆ ಬೂಟು.
ಯಾರೋ ಚಾಡಿ ಹೇಳಿದ್ದರು: ಮೇಲೆ ಎಲೆ ಆಡ್ತಾರೆ ಅಂತ.
ಪೇದೆ ಬಗ್ಗಿದ, ಮೀಸೆಯ ಬೆವರು ಒರೆಸಿದ,
“ದುಡ್ಡೆಲ್ಲಿ?” ಅಂದ.
ಉಪ್ಪಿನ ಭೂತ ಅವನನ್ನೇ ನೋಡಿತು.
“ಇಂಥಾ ಸೆಕಿಯಾಗ ಫ್ಯಾನ್ ಹಾಕಬಾರದೇನ್ರೋ”
ಅಂತ ಕರುಣೆಯಿಂದಲೇ, ದೇವರಾಣೆ ಕರುಣೆಯಿಂದಲೇ,
ಸ್ವಿಚ್ ಒತ್ತಿದ.

ಹಾರಿದವು.
ಭೂತ ರಾಕ್ಷಸ ಹಲ್ಲಿ ಎಲ್ಲ ತಗಡಿನ ತನಕ ಎದ್ದು
ಪೇದೆಯ ಟೋಪಿಯ ಮೇಲೆ ಒಂದು, ಚಹಾದ ಲೋಟದಲ್ಲಿ ಒಂದು.
ಆಯುಸ್ಸು ಬರೆದಿಟ್ಟ ಚೀಟಿ
ಕಿಟಕಿ ದಾಟಿ ಬಜಾರಿಗೆ ಹೋಯಿತು.

ಅವಳು ಮಂಡಿಯೂರಿ ಒಂದೊಂದೇ ಹೆಕ್ಕಿದಳು.
ತನ್ನವನ್ನು ಇಟ್ಟಳು. ನನ್ನವನ್ನೂ ಇಟ್ಟಳು.
ಯಾವುದು ಅಡ್ಡ, ಯಾವುದು ನೆಟ್ಟಗೆ, ಒಂದೂ ತಪ್ಪಲಿಲ್ಲ.
“ನಿಮ್ದು ಎಷ್ಟಿತ್ತಣ್ಣ ಆಯುಸ್ಸು?”

ಏಳು ಅನ್ನಲು ನಾಲಿಗೆ ಮಡಚಿತ್ತು.
ಏಳಕ್ಕೆ ಸಾಕ್ಷಿಯಿಲ್ಲ, ಮೂರಕ್ಕೂ ಇಲ್ಲ.
ಮೂರು ಅಂದೆ.
“ಹೂಂ, ಮೂರೇ” ಅಂದಳು,
ನಾನು ಹೇಳದಿದ್ದರೂ ನಡೆಯುತ್ತಿತ್ತು ಅನ್ನುವ ಹಾಗೆ.
ಎರಡು ಸರದಿಯಲ್ಲಿ ನನ್ನನ್ನು ಮುಗಿಸಿದಳು.

ಪೇದೆ ಕೊನೆಯ ತನಕ ನಿಂತು ನೋಡಿದ.
ಹೋಗುವಾಗ ಎರ್ರಿಸ್ವಾಮಿಯನ್ನು ಮೆಲ್ಲಗೆ ಕೇಳಿದ,
ಒಂದು ಪ್ಯಾಕೆಟ್ ಎಷ್ಟು, ಮನೆಯಲ್ಲಿ ಹುಡುಗ ಇದ್ದಾನೆ.

ಮೆಹಜಬೀನ್ ನನ್ನ ಜೇಬಿಗೆ ಬೆರಳು ತೋರಿಸಿದಳು.
ಅದು ಆಟಕ್ಕೆ ಬರಲ್ಲ, ಅಂದೆ.
“ಗೊತ್ತು.”
ಬದಲಿಗೆ ಒಂದು ಮಂಜುಗಣ್ಣಿ ಕೊಟ್ಟಳು. ನನ್ನ ಬಳಿ ಆಗಲೇ ಮೂರಿದ್ದವು.
ನನ್ನ ಹೆಬ್ಬೆಟ್ಟು ಬಳೆಯ ಡಬ್ಬಿಯೊಳಗೆ ಹೋಯಿತು.

ಒಗ್ಗರಣೆ ಮಂಡಕ್ಕಿ, ಎರಡು ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ.
“ಎಷ್ಟು ಕಳಕೊಂಡಿ?”
ಒಂದು ಕುದುರೆ.
ಅವ್ವ ಪೊಟ್ಟಣ ಬಿಚ್ಚಿದಳು, ಮಿರ್ಚಿ ಮೂಸಿದಳು.
ನಾನು ಗೋಡೆಯ ಹತ್ತಿರ ಸ್ವಿಚ್ಚಿಗೆ ಬೆರಳಿಟ್ಟು
ಒಂದು ಗಳಿಗೆ ಹಾಗೇ ನಿಂತೆ.
“ಹಾಕಪ್ಪ,” ಅಂದಳು, “ಏನು ಹಾರಿ ಹೋಗ್ತೈತೆ ಇಲ್ಲಿ?”