ತಿರುಳು

ಐದು ದಿನದ ಕಮ್ಮಟ. ವಿಷಯ ಅಮೂರ್ತ ಬೀಜಗಣಿತ.
ಕಾರವಾರದ ಕಾಲೇಜು, ಮೇಲ್ಮಹಡಿ, ಎರಡು ಫ್ಯಾನು,
ಒಂದು ತಿರುಗುತ್ತದೆ.
ಹೆಸರು ಬರೆಸಿದ್ದಕ್ಕೆ ಸಿಕ್ಕಿದ ಚೀಲದಲ್ಲಿ
ಪೆನ್ನು, ಪ್ಯಾಡು, ಬಿಸ್ಕತ್ತಿನ ಪೊಟ್ಟಣ.
ಬಂದದ್ದು ಬಡ್ತಿಯ ಸರ್ಟಿಫಿಕೇಟಿಗೆ, ಸುಳ್ಳೇಕೆ?
ಇಪ್ಪತ್ತೊಂದು ವರ್ಷದಿಂದ ಇದನ್ನೇ ಪಾಠ ಮಾಡುತ್ತಿದ್ದೇನೆ,
ನನಗೇ ತಿಳಿಯದ ಪ್ರಮೇಯ ಬಂದಾಗ
"ಐದು ಅಂಕ, ಬಾಯಿಪಾಠ ಮಾಡಿ" ಅಂದಿದ್ದೇನೆ.

ಧಾರವಾಡದ ಬೃಂದಾ ಮಳಗಿ, ನನಗಿಂತ ಹದಿನೆಂಟು ವರ್ಷ ಚಿಕ್ಕವಳು,
ಮೈಕು ಬದಿಗಿಟ್ಟು ಕೇಳಿದಳು:
"ಹಿಂದ ಮುಂದ ಮಾಡಿದರ ಉತ್ತರ ಬದಲಾಗೋ ಕೆಲಸ ಒಂದು ಹೇಳ್ರಿ."
ಕುಮಟೆಯ ಪಾಂಡುರಂಗ ಹರಿಕಂತ್ರರು ಮ್ಯಾಟ್ರಿಕ್ಸ್ ಅಂದರು.
ನನ್ನ ಬಾಯಿಂದ ಬಂದದ್ದು ಬಂಗಡೆ:
ಉಪ್ಪು ಹಾಕಿ ಒಣಗಿಸುವುದು ಬೇರೆ,
ಒಣಗಿಸಿ ಉಪ್ಪು ಹಾಕುವುದು ಬೇರೆ,
ಎರಡನೆಯದಕ್ಕೆ ಹುಳ ಬೀಳುತ್ತದೆ, ಆಯಿ ಬೈಯುತ್ತಾಳೆ.
ಎಲ್ಲರೂ ನಕ್ಕರು. ಅವಳು ನಗದೆ ಬೋರ್ಡಿಗೆ ಬರೆದಳು,
ಉ ಒ ಒಂದು ಕಡೆ, ಒ ಉ ಇನ್ನೊಂದು ಕಡೆ,
ನಡುವಿನ ಸಮ ಚಿಹ್ನೆಗೆ ಒಂದು ಅಡ್ಡಗೀಟು.
ಆಯಿಯ ಬಂಗಡೆ ಮೂರು ದಿನ ಅಲ್ಲೇ ಇತ್ತು.

ಎರಡನೇ ದಿನ ವಿಲೋಮ.
ಪ್ರತಿ ಹೆಜ್ಜೆಗೂ ಮರಳುವ ಹೆಜ್ಜೆಯೊಂದು ಇರಲೇಬೇಕು,
ಇಲ್ಲದಿದ್ದರೆ ಅದು ಗ್ರೂಪ್ ಅಲ್ಲ.
ಬರೆದುಕೊಂಡೆ. ಕಿಟಕಿಯಾಚೆ
ಬೂದು ಬಣ್ಣದ ಹಡಗು ನಿಂತಿತ್ತು.

ಮೂರನೇ ದಿನ, ಚಹದ ನಂತರ, ಒಂದು ಗ್ರೂಪಿನಿಂದ ಇನ್ನೊಂದಕ್ಕೆ ನಕ್ಷೆ.
ಎಂಎಸ್ಸಿಯ ಶಕುಂತಲಾ ಹಳ್ಳೇರ ಎದ್ದು ನಿಂತಳು:
"ಮೇಡಂ, ಅನನ್ಯತಾಂಶಕ್ಕೆ ಹೋಗಿ ಬಿದ್ದದ್ದು
ಸೊನ್ನೆಯಾದಂತೆಯೇ ಅಲ್ಲವಾ? ಅದಕ್ಕೂ ಯಾಕೆ ಒಂದು ಹೆಸರು?"
"ನಕ್ಷೆ ಏನು ಉಳಿಸ್ತು ಅಂತ ಎಲ್ಲಾರೂ ನೋಡ್ತಾರ.
ಏನು ಅಳಿಸ್ತು, ಅದನ್ನ ನೋಡ್ರಿ ಮೊದಲ.
ಇಂಗ್ಲಿಷ್‌ನ್ಯಾಗ ಕರ್ನೆಲ್. ನಾನಂತೂ ತಿರುಳು ಅಂತೀನಿ."

ತಿರುಳು.
ನಾನು ಒಂದು ನಕ್ಷೆ ನೋಡಿದ್ದೇನೆ.
ಆಗ ನನಗೆ ಹತ್ತೊಂಬತ್ತು. ನೌಕಾನೆಲೆಗೆ ಜಾಗ ಬೇಕಿತ್ತು,
ಶಾಲೆಯ ಮೇಜಿನ ಮೇಲೆ ನೀಲಿ ಕಾಗದ ಹಾಸಿ
ಸರ್ವೆಯವರು ನಾಲ್ಕು ಮೂಲೆಗೆ ನಾಲ್ಕು ಕಲ್ಲು ಇಟ್ಟರು.
ತೆಂಗಿನ ಮರ ಎಣಿಸಿದರು, ಹಂಚು ಎಣಿಸಿದರು,
ಪ್ರತಿ ಮನೆಗೂ ಕಾಲನಿಯಲ್ಲಿ ಒಂದು ಸೈಟು, ಒಂದೇ ಅಳತೆ.
ಸಾತೇರಿಯ ಬಾವಿಗೆ ಕಾಲಂ ಇರಲಿಲ್ಲ,
ಭಿಕ್ಕು ಬಲೆ ಹರವುತ್ತಿದ್ದ ಕಲ್ಲಿಗೂ.

ಸಂಜೆಯ ಬಸ್ಸು ಬೇಲಿಯ ಪಕ್ಕದಲ್ಲೇ ಹೋಗುತ್ತದೆ. ದಿನವೂ ಹೋಗುತ್ತದೆ.
ಮನೆಯಲ್ಲಿ ಲೆಕ್ಕ ಬಿಡಿಸಲು ಕೂತೆ. ಪ್ರಶ್ನೆ ಆರು:
ತಿರುಳು ತಾನೇ ಒಂದು ಗ್ರೂಪ್ ಎಂದು ತೋರಿಸಿ.
ಬಾಯಿಪಾಠವಿದೆ, ಮೂರು ಸಾಲು.
ಆಯಿ ಪಡಸಾಲೆಯಿಂದ, "ಏನು ಕಲಿಸಿದರೇ ಇವತ್ತು?"
"ಅಳಿಸಿದ್ದರ ಪಟ್ಟಿ ಮಾಡುವುದು."
ಅವಳು ಏನೂ ಕೇಳದೆ ಶುರುಮಾಡಿದಳು.
ಮನೆಯಿಂದ ಬಾವಿಗೆ. ಬಾವಿಯಿಂದ ಸುರಗಿ ಮರಕ್ಕೆ.
ಅಲ್ಲಿಂದ ಕಲ್ಲಿಗೆ. "ಇಲ್ಲ ಇಲ್ಲ, ತಪ್ಪು ಬರೆದೆ,
ಕಲ್ಲು ಮೊದಲು, ಸುರಗಿ ಆಮೇಲೆ." ಹೊಡೆದು ಬರೆದೆ.
ಬಾವಿಗೆ ಹೋಗಿ, ಅಲ್ಲಿಂದ ಕಲ್ಲಿಗೆ ಹೋದರೂ
ನಾವು ಊರಿನೊಳಗೇ ಇದ್ದೆವು. ಇದು ಎರಡನೇ ಸಾಲು.
ಮತ್ತೆ ಕಲ್ಲಿನಿಂದ ಬಾವಿಗೆ, ಬಾವಿಯಿಂದ ಮನೆಗೆ,
ತುಂಬಿದ ಕೊಡದ ಭಾರಕ್ಕೆ ಒಂದು ಭುಜ ತಗ್ಗಿಸಿಕೊಂಡು
ಹಾಸಿಗೆಯ ಮೇಲೆ ಕೂತಲ್ಲೇ ಆಯಿ ಮರಳಿ ಬಂದಳು.
ಮೂರನೇ ಸಾಲು: ಪ್ರತಿಯೊಂದರ ವಿಲೋಮವೂ ತಿರುಳಿನ ಒಳಗೇ ಇದೆ.
ಎಷ್ಟು ತಂಡಗಳಿಗೆ ಈ ಸಾಲು ಬರೆಸಿದ್ದೇನೆ!
ಪೆನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದೆ.

ಐದನೇ ದಿನ ಸಮಾರೋಪ, ಹಾರ, ಶಿರಾ.
ಕಮ್ಮಟದಿಂದ ನಿಮಗಾದ ಪ್ರಯೋಜನ? ಎರಡು ಗೆರೆ ಜಾಗ.
"ಚೆನ್ನಾಗಿತ್ತು" ಅಂತ ಬರೆದು ಕೊಟ್ಟೆ,
ಟಿಎ ಬಿಲ್ಲಿಗೆ ಸಹಿ ಹಾಕಿದೆ.
ನೋಟ್‌ಬುಕ್ಕಿನ ಕೊನೆಯ ಪುಟಗಳು ಆಯಿಯ ಹತ್ತಿರ ಇವೆ.
ನಿನ್ನೆ ಒಂದು ಸೇರಿಸಿದಳು: ದೋಣಿ ಎಳೆಯುವಾಗಿನ ಕೂಗು.
ಅದನ್ನು ಎಲ್ಲಿ ಬರೆಯುವುದು, ಕಲ್ಲಿನ ಮೊದಲೋ, ಆಮೇಲೋ,
ಇನ್ನೂ ತೀರ್ಮಾನವಾಗಿಲ್ಲ.